ಚುಕ್ಕಿಯ ಆಚೆಗಿರುವ ಜನ

ಹೊಸದಾಗಿ ಆರಂಭವಾಗುವ ಸಾಫ್ಟ್‌ವೇರ್ ಕಂಪೆನಿಗಳಲ್ಲಿ ಹಲವು ತಮ್ಮ ವೆಬ್‌ಸೈಟ್ ವಿಳಾಸದ ಕೊನೆಗೆ 'ಡಾಟ್ ಐಒ' ಎಂದು ಸೇರಿಸಿಕೊಳ್ಳುತ್ತವೆ. ಬೆಂಗಳೂರಿನ ಕಂಪೆನಿಗಳೂ ಇದಕ್ಕೆ ಹೊರತಲ್ಲ. ಕಂಪ್ಯೂಟರ್ ಬಲ್ಲವರಿಗೆ ಅದು 'ಇನ್‌ಪುಟ್, ಔಟ್‌ಪುಟ್' ಎಂದು ಕಾಣುತ್ತದೆ. ವಾಸ್ತವದಲ್ಲಿ ಆ ಎರಡು ಅಕ್ಷರಗಳು ಒಂದು ಭೂಪ್ರದೇಶದ ಗುರುತು. ಅಲ್ಲಿ ತಲೆತಲಾಂತರದಿಂದ ಬದುಕಿದ್ದ ಜನರನ್ನು ಹಡಗಿಗೆ ಹತ್ತಿಸಿ ಹೊರಗೆ ಕಳುಹಿಸಲಾಗಿದೆ.

ಅಂತರ್ಜಾಲದ ವಿಳಾಸವನ್ನು ಅಂಚೆ ವಿಳಾಸದಂತೆ ಓದಬೇಕು. ಲಕೋಟೆಯ ಮೇಲೆ ಮನೆ, ಬೀದಿ, ಊರು ಆದ ಮೇಲೆ ಕೊನೆಗೆ ದೇಶ ಬರುವಂತೆ, ಡೊಮೈನ್ ಹೆಸರಿನಲ್ಲಿಯೂ ಕೊನೆಯ ಚುಕ್ಕಿಯ ನಂತರದ ಭಾಗವೇ ಎಲ್ಲಕ್ಕಿಂತ ದೊಡ್ಡ ವಿಭಾಗ. 1983ರಲ್ಲಿ ರೂಪುಗೊಂಡ ಈ ವ್ಯವಸ್ಥೆಯಲ್ಲಿ ಕಾಮ್, ಆರ್ಗ್, ಎಜು ಮುಂತಾದವು 1985ರಲ್ಲಿ ಬಂದವು. 'ಗವ್' ಎಂದರೆ ಸರಕಾರ, 'ಮಿಲ್' ಎಂದರೆ ಸೇನೆ. ಆದರೆ ಈ ಎರಡೂ ಇಂದಿಗೂ ಅಮೆರಿಕದ ಸರಕಾರಕ್ಕೆ ಮತ್ತು ಸೇನೆಗೆ ಮಾತ್ರ ಮೀಸಲು. ಉಳಿದ ದೇಶಗಳಿಗೆ ದೊರೆತದ್ದು ಎರಡೆರಡು ಅಕ್ಷರಗಳು. ನಮ್ಮ 'ಡಾಟ್ ಇನ್' 1989ರಲ್ಲಿ ಬಂತು.

ಹಾಗಾದರೆ ಯಾವುದು ದೇಶ, ಯಾವುದು ಅಲ್ಲ ಎಂದು ತೀರ್ಮಾನಿಸುವವರು ಯಾರು? ಆರಂಭದಲ್ಲಿ ಈ ಹೊಣೆ ಹೊತ್ತಿದ್ದ ಜಾನ್ ಪೋಸ್ಟೆಲ್ ಈ ಜಗಳದಿಂದ ದೂರ ಉಳಿದರು. ಐಎಸ್‌ಒ ಸಂಸ್ಥೆಯ 3166 ಎಂಬ ಪಟ್ಟಿಯಲ್ಲಿ ಹೆಸರಿದ್ದರೆ ಸಂಕೇತ ಉಂಟು, ಇಲ್ಲವಾದರೆ ಇಲ್ಲ ಎಂಬ ನಿಯಮವನ್ನು 1994ರಲ್ಲಿ ಬರೆದಿಟ್ಟರು. ತಂತ್ರಜ್ಞರ ದೃಷ್ಟಿಯಲ್ಲಿ ಇದು ವಿವೇಕದ ಮಾರ್ಗವೇ. ಆದರೆ ಪಟ್ಟಿ ನಿಷ್ಪಕ್ಷಪಾತವಾಗಿದ್ದ ಮಾತ್ರಕ್ಕೆ ಅದರ ಫಲ ನ್ಯಾಯವಾಗಿರಬೇಕೆಂದಿಲ್ಲ.

ಎರಡು ಉದಾಹರಣೆಗಳನ್ನು ನೋಡಿ. ಫೆಲೆಸ್ತೀನಿಗೆ 'ಡಾಟ್ ಪಿಎಸ್' ದೊರೆತದ್ದು 2000ದಲ್ಲಿ. ವಿಶ್ವಸಂಸ್ಥೆಯ ಮಹಾಸಭೆ ಅದಕ್ಕೆ ವೀಕ್ಷಕ ರಾಷ್ಟ್ರದ ಸ್ಥಾನ ನೀಡಿದ್ದು 2012ರಲ್ಲಿ. ಅಂದರೆ ಅಂತರ್ಜಾಲದ ವಿಳಾಸ ಹನ್ನೆರಡು ವರ್ಷ ಮೊದಲೇ ಬಂತು. ಆದರೆ ವಿಳಾಸ ಸಿಕ್ಕಿತೆಂದು ನೆಲ ಸಿಗಲಿಲ್ಲ. ಇನ್ನು ಪೆಸಿಫಿಕ್ ಸಾಗರದ ಪುಟ್ಟ ದೇಶ ತುವಾಲು. ಅದರ ಪಾಲಿಗೆ ಬಂದ 'ಡಾಟ್ ಟಿವಿ' ಟೆಲಿವಿಷನ್ನಿನವರಿಗೆ ಬಲು ಪ್ರಿಯವಾಯಿತು. 2000ದಲ್ಲಿ ಹನ್ನೆರಡು ವರ್ಷಗಳಿಗೆ ಐದು ಕೋಟಿ ಡಾಲರಿನ ಒಪ್ಪಂದವಾಯಿತು. ಆ ಹಣದ ಬೆಂಬಲದಿಂದಲೇ ತುವಾಲು ಅದೇ ವರ್ಷ ವಿಶ್ವಸಂಸ್ಥೆಯನ್ನು ಸೇರಿತು. ಇಲ್ಲಿ ಹೆಸರಿನ ಲಾಭ ಹೆಸರಿನ ಒಡೆಯರಿಗೇ ತಲುಪಿತು.

'ಡಾಟ್ ಐಒ' ಕಥೆ ಹೀಗಿಲ್ಲ. ಹಿಂದೂ ಮಹಾಸಾಗರದ ಚಾಗೋಸ್ ದ್ವೀಪಗಳನ್ನು ಬ್ರಿಟನ್ 1965ರಲ್ಲಿ ಮಾರಿಷಸ್‌ನಿಂದ ಬೇರ್ಪಡಿಸಿ 'ಬ್ರಿಟಿಷ್ ಹಿಂದೂ ಮಹಾಸಾಗರ ಪ್ರದೇಶ' ಎಂದು ಹೆಸರಿಟ್ಟಿತು. ಡಿಯೆಗೊ ಗಾರ್ಸಿಯಾದಲ್ಲಿ ಅಮೆರಿಕದ ಸೇನಾನೆಲೆಗಾಗಿ 1968ರಿಂದ 1973ರ ನಡುವೆ ಅಲ್ಲಿನ ಸುಮಾರು ಒಂದೂವರೆಯಿಂದ ಎರಡು ಸಾವಿರ ನಿವಾಸಿಗಳನ್ನು ಮಾರಿಷಸ್ ಮತ್ತು ಸೆಶೆಲ್ಸ್‌ಗೆ ಸಾಗಿಸಲಾಯಿತು. 1997ರಲ್ಲಿ ಆ ಪ್ರದೇಶದ ಹೆಸರಿನಲ್ಲಿ ಡೊಮೈನ್ ಹುಟ್ಟಿತು. ಅದನ್ನು ಮಾರಿದ್ದು ಖಾಸಗಿ ಕಂಪೆನಿ. ನಿರಾಶ್ರಿತರು ತಮ್ಮ ಪಾಲು ಕೇಳುತ್ತಾ ಬಂದರು.

ಬ್ರಿಟನ್ ಈ ದ್ವೀಪಗಳನ್ನು ಬಿಟ್ಟುಕೊಡಬೇಕೆಂದು ಅಂತಾರಾಷ್ಟ್ರೀಯ ನ್ಯಾಯಾಲಯ 2019ರಲ್ಲಿ ಅಭಿಪ್ರಾಯ ನೀಡಿತು. 2024ರ ಅಕ್ಟೋಬರ್‌ನಲ್ಲಿ ಬ್ರಿಟನ್ ಹಸ್ತಾಂತರಕ್ಕೆ ಒಪ್ಪಿತು, 2025ರ ಮೇ ತಿಂಗಳಲ್ಲಿ ಮಾರಿಷಸ್‌ನೊಂದಿಗೆ ಒಪ್ಪಂದಕ್ಕೆ ಸಹಿ ಬಿತ್ತು. ಆಗ ತಂತ್ರಜ್ಞಾನ ವಲಯದಲ್ಲಿ ಎದ್ದ ಪ್ರಶ್ನೆ ಏನು ಗೊತ್ತೇ? 'ಐಒ ಪಟ್ಟಿಯಿಂದ ಹೋದರೆ ನಮ್ಮ ವೆಬ್‌ಸೈಟ್ ಗತಿಯೇನು?' ಅವರ ಆತಂಕ ಸಹಜವೇ. ಪಟ್ಟಿಯಿಂದ ತೆಗೆದ ಸಂಕೇತಕ್ಕೂ ಐದು ವರ್ಷಗಳ ಕಾಲಾವಕಾಶ ಕೊಡುವ ನಿಯಮವಿದೆ. ಆದರೆ ಚಾಗೋಸ್‌ನ ಜನರಿಗೆ ಮನೆ ಖಾಲಿ ಮಾಡುವಾಗ ಅಂಥ ಯಾವ ಕಾಲಾವಕಾಶ ಸಿಕ್ಕಿತ್ತು?

ಡೊಮೈನ್ ಕೊಳ್ಳುವವರು ಬೆಲೆ ನೋಡುತ್ತಾರೆ, ಹೆಸರು ಚಿಕ್ಕದಾಗಿದೆಯೇ, ಕಿವಿಗೆ ಇಂಪಾಗಿದೆಯೇ ಎಂದು ನೋಡುತ್ತಾರೆ. ಆ ಎರಡಕ್ಷರ ಯಾರದು, ಕಟ್ಟಿದ ಹಣ ಯಾರಿಗೆ ಸೇರುತ್ತದೆ ಎಂದು ಕೇಳುವವರು ವಿರಳ. ಬಾಡಿಗೆಗೆ ಮನೆ ಹಿಡಿಯುವಾಗ ಮನೆಯ ಯಜಮಾನ ಯಾರೆಂದು ವಿಚಾರಿಸುವ ನಾವು ಇಲ್ಲಿಯೂ ಅಷ್ಟು ವಿಚಾರಿಸಿದರೆ ತಪ್ಪೇನು?