‘ಮುದ್ರಾರಾಕ್ಷಸ’ದ ಕಪಟಲೇಖ

ವಿಶಾಖದತ್ತನ ಐದನೆಯ ಅಂಕದಲ್ಲಿ ಮಲಯಕೇತುವು ವಂಚಿತನಾದುದಕ್ಕೆ ಅವಿವೇಕವೇ ಕಾರಣವೆನ್ನುವುದು ಸುಲಭ; ನ್ಯಾಯವಲ್ಲ. ಅವನು ಶಕಟದಾಸನ ಬೇರೊಂದು ಬರಹವನ್ನು ತರಿಸಿ ಅಕ್ಷರಗಳನ್ನು ಹೋಲಿಸಿದನು, ಮುದ್ರೆಯನ್ನೂ ಪರೀಕ್ಷಿಸಿದನು. ಎರಡೂ ನಿಜವಾದುವೇ! ಚಾಣಕ್ಯನು ಕಲ್ಪಿಸಿದುದು ಒಕ್ಕಣೆಯೊಂದನ್ನೇ. (ಶ್ರೋತ್ರಿಯರ ಅಕ್ಷರ ಎಷ್ಟು ಯತ್ನಿಸಿದರೂ ಅಸ್ಪಷ್ಟವೆಂಬ ಅವನ ನೆಪವು ಸೊಗಸಾದುದು.) ರಾಜ್ಯಾಧಿಕಾರವು ಯಾವ ಚಿಹ್ನೆಗಳ ಮೇಲಣ ನಂಬುಗೆಯಿಂದ ನಡೆಯುವುದೋ ಅವೇ ಇಲ್ಲಿ ಅಸತ್ಯಕ್ಕೆ ವಾಹನಗಳಾಗಿವೆ. ಮಲಯಕೇತುವಿನ ದೋಷವಿರುವುದು ಪರೀಕ್ಷೆಯಲ್ಲಲ್ಲ, ಒಡನೆಯೇ ಐವರು ಮಿತ್ರರಾಜರನ್ನು ಕೊಲ್ಲಿಸಿದ ಆತುರದಲ್ಲಿ.

ಇದಕ್ಕಿಂತ ದಾರುಣವಾದುದು ರಾಕ್ಷಸನ ಅವಸ್ಥೆ. ಧೂರ್ತರು ಕಪಟಮುದ್ರೆಯನ್ನು ಮಾಡಬಲ್ಲರೆಂದು ಮೊದಲು ವಾದಿಸಿದ ಆತನು, ಅಕ್ಷರಗಳನ್ನು ಕಂಡೊಡನೆ, ಶೂಲದ ಬಳಿಯಿಂದ ಪಾರಾಗಿ ಬಂದ ಗೆಳೆಯನನ್ನೇ ದ್ರೋಹಿಯೆಂದು ಶಂಕಿಸುತ್ತಾನೆ. 1823ರಲ್ಲಿ ‘ಮುದ್ರಾಮಂಜೂಷ’ವಾಗಿ ಈ ಕಥೆಯನ್ನು ಕನ್ನಡಿಸಿದ ಕೆಂಪುನಾರಾಯಣನ ವಾಚಕರೂ ಈ ಸನ್ನಿವೇಶದಲ್ಲಿ ತಡೆದು ನಿಲ್ಲಬೇಕು.