ಕಂಬಕ್ಕೆ ತಾಗದ ಚೆಂಡು

2023ರ ಆಗಸ್ಟ್ 19ರ ರಾತ್ರಿ. ಅಡಿಲೇಡ್ ಓವಲ್‌ನಲ್ಲಿ ಸಿಡ್ನಿ ಸ್ವಾನ್ಸ್ ವಿರುದ್ಧದ ಪಂದ್ಯ ಮುಗಿಯಲು ಒಂದು ನಿಮಿಷ ಚಿಲ್ಲರೆ ಬಾಕಿ ಇತ್ತು. ಅಡಿಲೇಡ್ ಕ್ರೋಸ್ ತಂಡದ ಬೆನ್ ಕೀಸ್ ಒದ್ದ ಚೆಂಡು ಎತ್ತರದ ಎರಡು ಕಂಬಗಳ ನಡುವಿನಿಂದ ಆಚೆಗೆ ಹೋಯಿತು. ಕೀಸ್ ಸಂಭ್ರಮಿಸತೊಡಗಿದರು. ಗೋಲ್ ಅಂಪೈರ್‌ಗೆ ಮಾತ್ರ ಚೆಂಡು ಕಂಬಕ್ಕೆ ತಾಗಿದಂತೆ ಕಂಡಿತ್ತು. ಆರು ಅಂಕದ ಗೋಲಿನ ಬದಲು ಒಂದು ಅಂಕದ ಬಿಹೈಂಡ್ ಸಿಕ್ಕಿತು. ಮರುಪರಿಶೀಲನೆಯನ್ನು ಯಾರೂ ಕೇಳಲಿಲ್ಲ. ಸಿಡ್ನಿ ಒಂದೇ ಅಂಕದಿಂದ ಗೆದ್ದಿತು. ಮರುದಿನ ಆಸ್ಟ್ರೇಲಿಯನ್ ಫುಟ್‌ಬಾಲ್ ಲೀಗ್‌ನ (ಎಎಫ್‌ಎಲ್) ಆಗಿನ ಮುಖ್ಯಸ್ಥ ಗಿಲನ್ ಮೆಕ್ಲಾಕ್ಲನ್ ಚೆಂಡು ಕಂಬಕ್ಕೆ ತಾಗಿರಲೇ ಇಲ್ಲ, ತೀರ್ಪು ತಪ್ಪು ಎಂದು ಒಪ್ಪಿಕೊಂಡರು. ಫಲಿತಾಂಶ ಮಾತ್ರ ಬದಲಾಗಲಿಲ್ಲ. ಸಿಡ್ನಿ ಅಂಕಪಟ್ಟಿಯಲ್ಲಿ ಎಂಟನೆಯ ಸ್ಥಾನದಲ್ಲಿ ನಿಂತು ಫೈನಲ್ಸ್ ಹಂತಕ್ಕೆ ಹೋಯಿತು. ಅಡಿಲೇಡ್‌ಗೆ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲಿನ ಅಭಿಮಾನಿಗಳು ಇಂಥ ಸೋಲಿನ ಬಗ್ಗೆ ವರ್ಷಗಟ್ಟಲೆ ವಾದ ಮಾಡುತ್ತಾರೆ. ಸೋತವರ ಗೊಣಗಾಟ ಎಂದು ಅದನ್ನು ತಳ್ಳಿಹಾಕುವುದು ಸುಲಭ. ನನ್ನ ಮಟ್ಟಿಗೆ, ಈ ವಿಷಯದಲ್ಲಿ ಅವರ ಸಿಟ್ಟಿಗೆ ಗಟ್ಟಿಯಾದ ಕಾರಣವಿದೆ. ವಿಡಿಯೊ ನೋಡಿ ತೀರ್ಪನ್ನು ಪರಿಶೀಲಿಸುವ ಸ್ಕೋರ್ ರಿವ್ಯೂ ಎಂಬ ಏರ್ಪಾಟು, ಕೊಡಬಾರದ ಗೋಲು ಕೊಡುವುದು ಮತ್ತು ಕೊಡಬೇಕಾದ ಗೋಲು ಕೊಡದಿರುವುದು ಎಂಬ ಎರಡು ಬಗೆಯ ತಪ್ಪುಗಳನ್ನು ಒಂದೇ ಕಣ್ಣಿನಿಂದ ನೋಡುತ್ತಿರಲಿಲ್ಲ. ಅದರ ನಿಜವಾದ ದೋಷ ಅಲ್ಲಿತ್ತು.

ಆಟದ ನಡೆಯನ್ನು ನೋಡಿದರೆ ಇದು ತಿಳಿಯುತ್ತದೆ. ಗೋಲಾದರೆ ಚೆಂಡು ಮೈದಾನದ ನಡುವಿಗೆ ಹೋಗುತ್ತದೆ. ಅಲ್ಲಿ ಅಂಪೈರ್ ಆಟವನ್ನು ಮತ್ತೆ ಶುರುಮಾಡುವವರೆಗೆ ಒಂದಿಷ್ಟು ಬಿಡುವು ಇರುತ್ತದೆ. ಆ ಬಿಡುವಿನಲ್ಲಿ ಮೆಲ್ಬರ್ನ್‌ನ ಡಾಕ್‌ಲ್ಯಾಂಡ್ಸ್‌ನಲ್ಲಿರುವ ರಿವ್ಯೂ ಕೇಂದ್ರದವರು ದೃಶ್ಯವನ್ನು ಹಿಂದೆ ಮುಂದೆ ಓಡಿಸಿ ನೋಡಬಹುದು. ಬಿಹೈಂಡ್ ಆದರೆ ಹಾಗಲ್ಲ. ಎದುರು ತಂಡದ ಆಟಗಾರ ಚೆಂಡು ಕೈಗೆತ್ತಿಕೊಂಡು ಕೂಡಲೇ ಒದ್ದು ಆಟ ಮುಂದುವರಿಸುತ್ತಾನೆ. ಹೀಗಾಗಿ ಅನ್ಯಾಯವಾಗಿ ಕೊಟ್ಟ ಗೋಲು ಸಿಕ್ಕಿಬೀಳುವ ಸಾಧ್ಯತೆ ಹೆಚ್ಚಿತ್ತು, ಅನ್ಯಾಯವಾಗಿ ಕಸಿದುಕೊಂಡ ಗೋಲು ಜಾರಿಹೋಗುವ ಸಾಧ್ಯತೆಯೇ ಹೆಚ್ಚಿತ್ತು. ಕ್ರಿಕೆಟ್‌ನ ಡಿಆರ್‌ಎಸ್‌ನಲ್ಲಾದರೆ ನಾಯಕ ಕೈಯಿಂದ ಟಿ ಆಕಾರ ತೋರಿಸಿ ಆಟ ನಿಲ್ಲಿಸಬಹುದು. ಇಲ್ಲಿ ತಂಡಕ್ಕೆ ಆ ಹಕ್ಕಿಲ್ಲ. ಅನುಮಾನ ಅಂಪೈರ್‌ಗೇ ಬರಬೇಕಿತ್ತು, ಇಲ್ಲವೇ ಕೇಂದ್ರದಲ್ಲಿ ಕುಳಿತವರು ಸಮಯಕ್ಕೆ ಸರಿಯಾಗಿ ಎಚ್ಚರಿಸಬೇಕಿತ್ತು. ಕೀಸ್ ಒದೆತದಲ್ಲಿ ಅಂಪೈರ್‌ಗೆ ಅನುಮಾನವೇ ಇರಲಿಲ್ಲ. ಯಂತ್ರದ ನೆರವು ಎಲ್ಲಕ್ಕಿಂತ ಹೆಚ್ಚು ಬೇಕಾಗುವುದು ತನ್ನದೇ ಸರಿ ಎಂಬ ಖಚಿತತೆಯಲ್ಲಿ ತಪ್ಪು ಮಾಡಿದವನಿಗೆ, ಆದರೆ ಈ ವ್ಯವಸ್ಥೆ ಕಾದು ಕುಳಿತದ್ದು ಅನುಮಾನಪಡುವವನಿಗಾಗಿ.

ವ್ಯವಸ್ಥೆ ಹೀಗಾದದ್ದಕ್ಕೆ ಚರಿತ್ರೆಯಲ್ಲಿ ಕಾರಣವಿದೆ ಎಂದು ನನಗನ್ನಿಸುತ್ತದೆ. 2009ರ ಗ್ರ್ಯಾಂಡ್ ಫೈನಲ್‌ನಲ್ಲಿ ಜೀಲಾಂಗ್‌ನ ಟಾಮ್ ಹಾಕಿನ್ಸ್ ಒದ್ದ ಚೆಂಡು ಕಂಬಕ್ಕೆ ತಾಗಿತ್ತು. ಟಿವಿ ನೋಡುತ್ತಿದ್ದವರಿಗೆಲ್ಲ ಅದು ಕಂಡಿತು, ಆದರೂ ಗೋಲು ಎಂದು ತೀರ್ಪಾಯಿತು. 2011ರ ಗ್ರ್ಯಾಂಡ್ ಫೈನಲ್‌ನಲ್ಲಿ ಕಾಲಿಂಗ್‌ವುಡ್‌ಗೂ ಅಂಥದ್ದೇ ಗೋಲು ಸಿಕ್ಕಿತು. ಮರುವರ್ಷ, 2012ರಲ್ಲಿ, ರಿವ್ಯೂ ಪದ್ಧತಿ ಬಂತು. ಮುಖಭಂಗ ತಂದಿದ್ದ ಎರಡೂ ಪ್ರಕರಣಗಳಲ್ಲಿ ಕೊಡಬಾರದ ಗೋಲು ಕೊಟ್ಟಿದ್ದರು. ಕೊಡಬೇಕಾದ್ದನ್ನು ಕೊಡದೇ ಹೋದರೆ ಏನು ಗತಿ ಎಂಬ ಪ್ರಶ್ನೆ ಬಾಧಿಸಿದ್ದು ಬಹಳ ತಡವಾಗಿ.

2009ರ ಆ ಪಂದ್ಯದಲ್ಲಿ ಸೋತದ್ದು ಸೇಂಟ್ ಕಿಲ್ಡಾ. ಈ ತಂಡ ಪ್ರಶಸ್ತಿ ಗೆದ್ದಿರುವುದು ಒಂದೇ ಸಲ, 1966ರಲ್ಲಿ, ಅದೂ ಬ್ಯಾರಿ ಬ್ರೀನ್ ಒದ್ದ ಒಂದು ಬಿಹೈಂಡ್‌ನ ಅಂತರದಿಂದ. ಅದರ ಅಭಿಮಾನಿಗಳಿಗೆ ಹಾಕಿನ್ಸ್ ಗೋಲು ಇವತ್ತಿಗೂ ಆರದ ಗಾಯ. ಎದುರಾಳಿಗಳು ಲೆಕ್ಕ ಒಪ್ಪಿಸುತ್ತಾರೆ: ಜೀಲಾಂಗ್ 80, ಸೇಂಟ್ ಕಿಲ್ಡಾ 68, ಅಂತರ 12. ಹೆಚ್ಚಾಗಿ ಸಿಕ್ಕ ಐದು ಅಂಕ ಕಳೆದರೂ ಏಳು ಉಳಿಯುತ್ತದಲ್ಲ? ಈ ಲೆಕ್ಕವನ್ನು ನಾನು ಒಪ್ಪುವುದಿಲ್ಲ. ಬಿಹೈಂಡ್ ಎಂದು ಕೊಟ್ಟಿದ್ದರೆ ಚೆಂಡು ನಡುವಿಗೆ ಹೋಗದೆ ಸೇಂಟ್ ಕಿಲ್ಡಾದವರ ಕೈಗೇ ಬರುತ್ತಿತ್ತು. ಅಲ್ಲಿಂದಾಚೆಗೆ ಬೇರೆಯೇ ಆಟ. ಆದರೆ ಇನ್ನೊಂದು ಲೆಕ್ಕವನ್ನು ಸೇಂಟ್ ಕಿಲ್ಡಾದವರು ತಪ್ಪಿಸಿಕೊಳ್ಳುವಂತಿಲ್ಲ. ಅಂದು ಅವರು ಹೊಡೆದದ್ದು 9 ಗೋಲು, 14 ಬಿಹೈಂಡ್. ಜೀಲಾಂಗ್‌ನದು 12 ಗೋಲು, 8 ಬಿಹೈಂಡ್. ಅಂಕ ತಂದ ಒದೆತಗಳು ಸೇಂಟ್ ಕಿಲ್ಡಾದವೇ ಹೆಚ್ಚು. ಅಂಪೈರ್‌ನ ಒಂದು ತಪ್ಪು ನೆನಪಿನಲ್ಲಿ ಉಳಿಯುತ್ತದೆ, ತಮ್ಮವರೇ ಅಕ್ಕಪಕ್ಕಕ್ಕೆ ಒದ್ದು ಕಳೆದ ಅಷ್ಟೂ ಅವಕಾಶಗಳು ಮರೆತುಹೋಗುತ್ತವೆ. ಅಭಿಮಾನಿಗಳ ವಾದದಲ್ಲಿ ನನಗೆ ಕಾಣುವ ದೊಡ್ಡ ಕೊರತೆ ಇದೇ.

2022ರ ಎಲಿಮಿನೇಷನ್ ಫೈನಲ್‌ನದು, ಅಂದರೆ ಸೋತವರು ಹೊರಬೀಳುವ ಪಂದ್ಯದ್ದು, ಬೇರೆ ಕತೆ. ನಮ್ಮವರಿಗೆ ಕ್ರಿಕೆಟ್‌ನಿಂದ ಪರಿಚಿತವಾದ ಬ್ರಿಸ್ಬೇನಿನ ಗಾಬಾ ಮೈದಾನದಲ್ಲೇ ಅದು ನಡೆದದ್ದು. ರಿಚ್‌ಮಂಡ್‌ನ ಟಾಮ್ ಲಿಂಚ್ ಒದ್ದ ಚೆಂಡು ಕಂಬಕ್ಕಿಂತ ಎತ್ತರದಲ್ಲಿ ಹಾದುಹೋಯಿತು. ಅಂಪೈರ್ ಗೋಲು ಎಂದರು, ರಿವ್ಯೂ ಕೇಂದ್ರ ಅದನ್ನು ಬಿಹೈಂಡ್ ಮಾಡಿತು. ಎದುರಾಳಿ ಬ್ರಿಸ್ಬೇನ್ 106–104ರಿಂದ ಗೆದ್ದಿತು. ಕಂಬದ ನೇರ ಮೇಲೆ ಹೋದರೆ ಬಿಹೈಂಡ್ ಎಂಬ ನಿಯಮವೇನೋ ಸ್ಪಷ್ಟವಾಗಿದೆ. ಆದರೆ ಕಂಬದ ತುದಿಗಿಂತ ಮೇಲೆ ಕಂಬವೇ ಇಲ್ಲ, ಬರೀ ಗಾಳಿ. ಯಾವ ಕೋನದಿಂದ ನೋಡಿದರೂ ಅಲ್ಲಿ ಊಹೆ ಸೇರಿಕೊಳ್ಳುತ್ತದೆ. ಅಂಪೈರ್ ಮಾತನ್ನು ತಿರುಗಿಸಬೇಕಾದರೆ ಪುರಾವೆ ಪ್ರಶ್ನಾತೀತವಾಗಿರಬೇಕು. ಅಂದಿನ ದೃಶ್ಯ ಅಂಥದ್ದಾಗಿತ್ತೆಂದು ನನಗೆ ಅನ್ನಿಸುವುದಿಲ್ಲ. ಇಲ್ಲಿ ನಾನು ರಿಚ್‌ಮಂಡ್ ಅಭಿಮಾನಿಗಳ ಪರ.

2023ರ ಪಂದ್ಯದ ಫಲಿತಾಂಶವನ್ನೇ ಬದಲಿಸಬೇಕಿತ್ತು ಎಂದು ಅಡಿಲೇಡ್‌ನವರು 2006ರ ಲಾನ್ಸೆಸ್ಟನ್ ಪಂದ್ಯವನ್ನು ಮುಂದಿಡುವುದುಂಟು. ಅಂದು ಮುಕ್ತಾಯದ ಸೈರನ್ ಮೊಳಗಿದ್ದು ಅಂಪೈರ್‌ಗಳ ಕಿವಿಗೆ ಬೀಳದೆ ಆಟ ಮುಂದುವರಿಯಿತು, ಸೇಂಟ್ ಕಿಲ್ಡಾ ಒಂದು ಬಿಹೈಂಡ್ ಗಳಿಸಿ ಸಮ ಮಾಡಿಕೊಂಡಿತು. ಕೆಲವು ದಿನಗಳಲ್ಲೇ ಎಎಫ್‌ಎಲ್ ಆಯೋಗ ಗೆಲುವನ್ನು ಎದುರಾಳಿ ಫ್ರೀಮ್ಯಾಂಟಲ್‌ಗೆ ಕೊಟ್ಟಿತು. ಹೋಲಿಕೆ ಸರಿಹೊಂದುವುದಿಲ್ಲ. ಲಾನ್ಸೆಸ್ಟನ್‌ನಲ್ಲಿ ಆಟ ಮುಗಿದಾಗಿತ್ತು, ನಂತರ ನಡೆದದ್ದನ್ನು ಅಳಿಸಿದರೆ ಸಾಕಿತ್ತು. ಅಡಿಲೇಡ್‌ನಲ್ಲಿ ಇನ್ನೂ ಆಡುವ ಸಮಯವಿತ್ತು. ಆ ಸಮಯದಲ್ಲಿ ಸಿಡ್ನಿ ಏನು ಮಾಡುತ್ತಿತ್ತೆಂದು ಯಾವ ಆಯೋಗವೂ ಬರೆದುಕೊಡಲಾರದು.

ಕೀಸ್ ಒದೆತಕ್ಕೆ ಬಿಹೈಂಡ್ ಕೊಟ್ಟ ಗೋಲ್ ಅಂಪೈರ್‌ಗೆ ಋತುವಿನ ಉಳಿದ ಪಂದ್ಯಗಳಲ್ಲಿ ಕೆಲಸ ಸಿಗಲಿಲ್ಲ. ಅಭಿಮಾನಿಗಳಲ್ಲಿ ಕೆಲವರಿಗೆ ಅದೂ ಸಾಲದೆನಿಸಿತು. ಇದು ನನಗೆ ನೋವಿನ ಸಂಗತಿ. ಈ ಅಂಪೈರ್‌ಗಳು ಬೇರೆ ಉದ್ಯೋಗ ಮಾಡಿಕೊಂಡೇ ವಾರಾಂತ್ಯಕ್ಕೆ ಬಂದು ಕಂಬದ ಬಳಿ ನಿಲ್ಲುವವರು. ಒಬ್ಬ ಮನುಷ್ಯನ ಕಣ್ಣು ತಪ್ಪಿದಾಗ ಹಿಡಿಯಲೆಂದೇ ಅಷ್ಟು ಕ್ಯಾಮೆರಾಗಳನ್ನು ಇಟ್ಟದ್ದು. ಹಿಡಿಯದೇ ಹೋದದ್ದು ವ್ಯವಸ್ಥೆ, ಹೊರೆ ಹೊತ್ತವನು ಒಬ್ಬ.

ಅಭಿಮಾನಿಗಳು ಪಟ್ಟು ಹಿಡಿಯಬೇಕಾದ ಬೇಡಿಕೆ ಚಿಕ್ಕದು. ಕಂಬದ ಅಂಚಿನಲ್ಲಿ ಹೋದ ಚೆಂಡಿಗೆ ಬಿಹೈಂಡ್ ಕೊಟ್ಟರೆ, ಕೇಂದ್ರದಿಂದ ಸರಿ ಎಂಬ ಮಾತು ಬರುವವರೆಗೆ ಮುಂದಿನ ಒದೆತವನ್ನು ತಡೆಹಿಡಿಯಬೇಕು, ಅಂಪೈರ್ ಕೇಳಲಿ ಬಿಡಲಿ. ಆಟದ ಓಟ ಕೆಡುತ್ತದೆ ಎಂಬ ಆಕ್ಷೇಪ ಬರುತ್ತದೆ. ಪ್ರತಿ ಗೋಲಿನ ನಂತರವೂ ಆಟ ಅದಕ್ಕಿಂತ ಹೆಚ್ಚು ಹೊತ್ತು ನಿಂತೇ ಇರುತ್ತದೆ, ಅದಕ್ಕೆ ಈವರೆಗೆ ಯಾರೂ ತಕರಾರು ತೆಗೆದಿಲ್ಲ.