ಐದನೇ ಪುಟ ದಾಟಿದ ಮೇಲೆ

ಬೆನ್ನ ಮೇಲೆ ಟನ್ನುಗಟ್ಟಲೆ ಭಾರದ ಯಂತ್ರ. ನೀರಿನಡಿಯ ಅಡಗುತಾಣದ ಸೂರು ಸೋರುತ್ತಿದೆ, ಯಾವ ಗಳಿಗೆಯಲ್ಲಾದರೂ ಕುಸಿಯಬಹುದು. ಕೈಗೆ ಎಟುಕದಷ್ಟೇ ದೂರದಲ್ಲಿ ಐಎಸ್‌ಒ-36 ಎಂಬ ಔಷಧದ ಡಬ್ಬಿ. ಅದು ಆಸ್ಪತ್ರೆ ತಲುಪದಿದ್ದರೆ ಸಾಕಿ ಬೆಳೆಸಿದ ದೊಡ್ಡಮ್ಮ ಮೇ ಬದುಕುವುದಿಲ್ಲ.

1966ರ ಫೆಬ್ರವರಿ ತಿಂಗಳ ಹೆಸರಿನಲ್ಲಿ 12 ಸೆಂಟ್ ಬೆಲೆಗೆ ಬಂದ ‘ದಿ ಅಮೇಜಿಂಗ್ ಸ್ಪೈಡರ್‌ಮ್ಯಾನ್’ ಕಾಮಿಕ್ಸ್‌ನ 33ನೇ ಸಂಚಿಕೆ ಶುರುವಾಗುವುದೇ ಹೀಗೆ. ಚಿತ್ರ ಸ್ಟೀವ್ ಡಿಟ್ಕೊ ಅವರದು, ಮಾತು ಸ್ಟ್ಯಾನ್ ಲೀ ಅವರದು. ಆ ಹೊತ್ತಿಗೆ ಇಬ್ಬರ ನಡುವೆ ಮಾತುಕತೆಯೇ ನಿಂತುಹೋಗಿತ್ತು. ಕಥೆ ಹೆಣೆದು, ಪುಟ ಬರೆದು ಮುಗಿಸುತ್ತಿದ್ದವರು ಡಿಟ್ಕೊ. ಲೀ ಆಮೇಲೆ ಸಂಭಾಷಣೆ ತುಂಬುತ್ತಿದ್ದರು. ಕಥೆಯ ಶ್ರೇಯವೂ ಡಿಟ್ಕೊ ಹೆಸರಿನಲ್ಲೇ ಅಚ್ಚಾಗುತ್ತಿತ್ತು.

ಬೇರೊಬ್ಬ ಕಲಾವಿದನಾಗಿದ್ದರೆ ಆ ಯಂತ್ರವನ್ನು ಎತ್ತಿ ಎಸೆಯಲು ನಾಲ್ಕು ಚೌಕಟ್ಟು ಕೊಡುತ್ತಿದ್ದನೇನೋ. ಡಿಟ್ಕೊ ಐದು ಪುಟ ಕೊಟ್ಟರು. ಮೊದಲ ಯತ್ನ ಸೋಲುತ್ತದೆ. ತಲೆ ಬಾಗುತ್ತದೆ. ಮೇ ಮತ್ತು ತೀರಿಹೋದ ದೊಡ್ಡಪ್ಪ ಬೆನ್ ಇಬ್ಬರ ಮುಖಗಳು ಕಣ್ಣ ಮುಂದೆ ತೇಲುತ್ತವೆ. ಮತ್ತೆ ಯತ್ನ. ಭಾರ ಬೆರಳಷ್ಟು, ಗೇಣಷ್ಟು ಮೇಲೇಳುತ್ತ ಹೋದಂತೆ ಚೌಕಟ್ಟುಗಳೂ ಹಿಗ್ಗುತ್ತವೆ. ಐದನೇ ಪುಟಕ್ಕೆ ಬಂದಾಗ ಇಡೀ ಪುಟವೇ ಒಂದು ಚಿತ್ರ.

ಇಲ್ಲಿ ಗಮನಿಸಬೇಕಾದದ್ದು ಮುಖವಾಡ. ಬ್ಯಾಟ್‌ಮ್ಯಾನ್‌ಗೆ ಬಾಯಿ ಕಾಣಿಸುತ್ತದೆ, ಸೂಪರ್‌ಮ್ಯಾನ್‌ಗೆ ಮುಖವೇ ಕಾಣಿಸುತ್ತದೆ. ಸ್ಪೈಡರ್‌ಮ್ಯಾನ್‌ಗೆ ಎರಡೂ ಇಲ್ಲ. ನೋವು, ಹತಾಶೆ, ಹಟ ಎಲ್ಲವನ್ನೂ ಡಿಟ್ಕೊ ಬಾಗಿದ ಬೆನ್ನು, ನೆಲ ಕಚ್ಚಿದ ಬೆರಳು, ಕುಸಿದ ಕತ್ತಿನಲ್ಲೇ ಹೇಳಬೇಕಿತ್ತು, ಹೇಳಿದರು. 2017ರ ‘ಸ್ಪೈಡರ್‌ಮ್ಯಾನ್: ಹೋಮ್‌ಕಮಿಂಗ್’ ಚಿತ್ರ ಇದೇ ದೃಶ್ಯಕ್ಕೆ ಗೌರವ ಸಲ್ಲಿಸಿತು. ಅಲ್ಲಿ ಅವಶೇಷಗಳಡಿ ಸಿಕ್ಕಿಬಿದ್ದ ಟಾಮ್ ಹಾಲೆಂಡ್ ಮುಖವಾಡ ಕಳಚಿ ಅಳುತ್ತಾರೆ, ಸಹಾಯಕ್ಕಾಗಿ ಕೂಗುತ್ತಾರೆ. ಅಭಿನಯ ಒಳ್ಳೆಯದೇ. ಆದರೂ ಮುಖ ತೋರಿಸದೆ ಕರುಳು ಹಿಂಡುವ ಡಿಟ್ಕೊ ಕಸುಬಿನ ಮುಂದೆ ಅದು ಸುಲಭದ ದಾರಿಯೇ.

ಈ ಸಂಚಿಕೆಯ ಬಗ್ಗೆ ಮಾತಾಡುವವರು ಹೆಚ್ಚಾಗಿ ಐದನೇ ಪುಟದಲ್ಲೇ ನಿಂತುಬಿಡುತ್ತಾರೆ. ಇದರ ನಿಜವಾದ ದೊಡ್ಡತನ ಶುರುವಾಗುವುದು ಆಮೇಲೆ. ಯಂತ್ರ ಎತ್ತಿದವನಿಗೆ ಜಯಭೇರಿಯಿಲ್ಲ, ವಿಶ್ರಾಂತಿಯೂ ಇಲ್ಲ. ನೀರು ನುಗ್ಗುತ್ತದೆ, ಅದರಾಚೆ ಮುಖ್ಯ ಖಳ ಡಾಕ್ಟರ್ ಆಕ್ಟೋಪಸ್‌ನ ಬಂಟರು ಕಾದಿದ್ದಾರೆ. ಅರೆಪ್ರಜ್ಞೆಯಲ್ಲೇ ಹೊಡೆದಾಡುತ್ತ ಹೊರಬೀಳಬೇಕು. ಆ ಖಳನೊಂದಿಗೆ ಕೊನೆಯ ಕಾಳಗವನ್ನೂ ಡಿಟ್ಕೊ ಇಡಲಿಲ್ಲ. ಇಲ್ಲಿ ಹಗೆತನಕ್ಕಿಂತ ಹೊತ್ತು ಮೀರುವ ಭಯ ದೊಡ್ಡದು. ಮೇ ಅವರ ರಕ್ತದಲ್ಲಿ ವಿಕಿರಣ ಸೇರಿದ್ದು ಹಿಂದೊಮ್ಮೆ ಸ್ಪೈಡರ್‌ಮ್ಯಾನ್ ಮುಖವಾಡದೊಳಗಿನ ಪೀಟರ್ ತಾನೇ ಕೊಟ್ಟ ರಕ್ತದಿಂದ. ಒಳ್ಳೆಯದಕ್ಕೆಂದು ಕೊಟ್ಟದ್ದೇ ವಿಷವಾಯಿತು ಎಂಬ ಅಳುಕು ಆ ಕಬ್ಬಿಣಕ್ಕಿಂತ ಭಾರ.

ಔಷಧ ಮುಟ್ಟಿಸಿದ ಮೇಲೂ ಹೊಟ್ಟೆಪಾಡು ತಪ್ಪುವುದಿಲ್ಲ. ಜಜ್ಜಿದ ಮುಖ ಹೊತ್ತು ಪತ್ರಿಕೆಯ ಒಡೆಯ ಜೇಮ್ಸನ್ ಬಳಿ ಫೋಟೊ ಮಾರುತ್ತಾನೆ, ಈ ಸಲ ದರಕ್ಕೆ ಪಟ್ಟು ಹಿಡಿದು. ಗಾಯ ಕಂಡ ಪ್ರೇಯಸಿ ಬೆಟ್ಟಿ ಬ್ರ್ಯಾಂಟ್ ಹೆದರಿ ದೂರ ಸರಿಯುತ್ತಾಳೆ. ಅಪಾಯದ ಸಹವಾಸದಲ್ಲಿ ಸಹೋದರನನ್ನು ಕಳೆದುಕೊಂಡವಳು ಅವಳು. ಕೊನೆಗೆ ಆಸ್ಪತ್ರೆ, ಮೇ ಉಳಿದ ಸುದ್ದಿ. ಗೆಲುವು, ಸಂಪಾದನೆ, ಮುರಿದ ಪ್ರೀತಿ ಎಲ್ಲ ಒಂದೇ ದಿನದ ಲೆಕ್ಕಕ್ಕೆ ಸೇರಿದ ಇಂಥ ಸೂಪರ್‌ಹೀರೊ ಕಥೆ ಆ ಕಾಲಕ್ಕೆ ಅಪರೂಪ.

ಕೊರತೆ ಇಲ್ಲವೆಂದಲ್ಲ. ಮೊದಲ ಪುಟಗಳಲ್ಲಿ ಲೀ ಮಾತು ಹೆಚ್ಚಾಯಿತು. ಬೆನ್ನು ಹೇಳುತ್ತಿರುವುದನ್ನೇ ಮಾತಿನ ಗುಳ್ಳೆಗಳು ಮತ್ತೆ ಹೇಳುತ್ತವೆ. ಅರ್ಧದಷ್ಟು ತೆಗೆದಿದ್ದರೆ ದೃಶ್ಯ ಇನ್ನೂ ಬಿಗಿಯಾಗುತ್ತಿತ್ತು.

38ನೇ ಸಂಚಿಕೆಗೆ ಡಿಟ್ಕೊ ಹೊರನಡೆದರು. ನಂತರ ಬಂದ ಜಾನ್ ರೊಮಿಟಾ ಕೈಯಲ್ಲಿ ಪೀಟರ್ ಚೆಲುವನಾದ, ಗೆಳೆಯರ ನಡುವೆ ನಿರಾಳನಾದ. ಬಡಕಲು, ದಣಿದ ಪೀಟರ್ ಬೇಕೆನ್ನುವವರು 33ನ್ನು ಬಿಡಿಯಾಗಿ ಓದಬಾರದು. ಸಹಪಾಠಿ ಗ್ವೆನ್ ಸ್ಟೇಸಿ ಮೊದಲು ಕಾಣಿಸಿಕೊಳ್ಳುವ 31ರಿಂದ ಹಿಡಿದು ಮೂರನ್ನೂ ಒಂದೇ ಕೂತಿನಲ್ಲಿ ಓದಬೇಕು. ಕಾಲೇಜಿನಲ್ಲಿ ಅವನೇಕೆ ಯಾರ ಮಾತಿಗೂ ಕಿವಿಗೊಡುತ್ತಿರಲಿಲ್ಲ ಎಂಬುದು ಆಗಷ್ಟೇ ತಿಳಿಯುತ್ತದೆ.